ಗೋಡೆ ಪಕ್ಕದ ತೂತು

ಕೆಸ್ಕಿಲ್, ನನ್ನ ಕೂಸೇ,

ಈ ಕಾಗದ ಕೈಗೆ ಸಿಕ್ಕಾಗ ನೀನು ಹಡಗಿನಡಿಯ ಗುಂಡಿಗೆ ಇಳಿಯುವ ಏಣಿಯ ಮೇಲಿದ್ದರೆ ಅಲ್ಲಿಂದಲೇ ಹತ್ತಿ ವಾಪಸು ಬಾ. ಉಳಿದದ್ದನ್ನು ಒಲೆ ಮುಂದೆ ಕೂತು ಓದು. ಈ ಕಾಗದ ನಿನಗೆ ತರಬೇಕಾದ ಯೆಫ್ರೇಮ್ ನಮ್ಮ ಅಡುಗೆಮನೆಯಲ್ಲಿ ಚಹಾ ಕುಡಿಯುತ್ತಿದ್ದಾನೆ, ಹೊರಗೆ ಅವನ ಲಾರಿಯ ಇಂಜಿನ್ ಓಡುತ್ತಲೇ ಇದೆ. "ಅಕ್ಕಾ, ಕಾಗದ ಬರೀತಿದೀಯೋ ಪುರಾಣ ಬರೀತಿದೀಯೋ? ಬೇಗ ಮುಗ್ಸವ್ವಾ, ಕತ್ತಲಾದ್ರೆ ನದಿ ಮೇಲಿನ ದಾರಿ ಕಾಣಲ್ಲ" ಅಂತ ಎರಡು ಸಲ ಕೂಗಿಯಾಯಿತು. ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ನಗಬೇಡ.

ಅವನ ಕೈಲಿ ನೀನು ಕಳಿಸಿದ ಮೀನೂ ಚೀಟಿಯೂ ಮಧ್ಯಾಹ್ನ ಬಂದವು. ಚೀಟಿಯ ಕೊನೆಯಲ್ಲಿ ಏನು ಬರೆದಿದ್ದೀಯ ನೆನಪಿದೆಯಾ? "ಈಗ ಅಳತೆ ಕೆಲ್ಸ ನಂದೇ ಅಕ್ಕಾ. ನೀನು ಹೇಳಿಕೊಟ್ಟ ಹಾಗೇ ಗೋಡೆ ಪಕ್ಕ ಒಂದು ತೂತು, ಐದೇ ನಿಮಿಷ! ನಾನು ಹೂಂ ಅಂದ್ರೆ ಎಲ್ರೂ ಕಣ್ಮುಚ್ಚಿ ಇಳೀತಾರೆ." ಎರಡು ದಿನದಿಂದ ಹಿಮ ಒಂದೇ ಸಮನೆ ಬೀಳುತ್ತಿದೆ. ನಿಮ್ಮ ಕೊಲ್ಲಿಯಲ್ಲಿ ಫೋನ್ ಸಿಗುವುದಿಲ್ಲ. ನಾಳೆ ಬೆಳಿಗ್ಗೆ ನೀವು ಮತ್ತೆ ಹಡಗಿನಡಿಗೆ ಇಳಿಯುತ್ತೀರಿ.

ನಮಗೆ ಅನ್ನ ಕೊಡುವುದು ಚಳಿಯೇ ಅಂತ ನಿನಗೆ ಹೊಸದಾಗಿ ಹೇಳಬೇಕಿಲ್ಲ. ಲೇನಾ ನದಿ ಕಚ್ಚಿ ಹಿಡಿದ ಹಡಗಿನ ತಳ ರಿಪೇರಿಯಾಗಬೇಕೆಂದರೆ ಸುತ್ತಲಿನ ಮಂಜುಗಡ್ಡೆಯನ್ನು ಒಂದು ಪದರ ಕಡಿಯುತ್ತೇವೆ, ಅದರ ಕೆಳಗೆ ನೀರು ಮತ್ತೆ ಹೆಪ್ಪುಗಟ್ಟಲಿ ಅಂತ ಕಾಯುತ್ತೇವೆ, ಆಮೇಲೆ ಇನ್ನೊಂದು ಪದರ, ಹೀಗೆ ಮಂಜಿನ ಗೋಡೆಗಳ ಗುಂಡಿ ಹಡಗಿನಡಿಯವರೆಗೆ ಇಳಿಯುತ್ತದೆ. ಎಷ್ಟು ಗಟ್ಟಿಯಾಗಿದೆ ಅಂತ ತೂತು ಕೊರೆದು ನೋಡಿದವರು ಇಳಿಯಿರಿ ಅಂದರೆ ಮಾತ್ರ ಇಳಿಯುವುದು. ಹದಿನಾಲ್ಕು ಚಳಿಗಾಲ ಆ ಮಾತು ಹೇಳಿದವಳು ನಾನು.

ನನ್ನ ಜೊತೆ ಮಂಜು ಕಡಿಯುತ್ತಿದ್ದ ತೆರೆಂತಿಯ ಕಾಲಿನ ಕತೆ ನಿನಗೆ ಗೊತ್ತು. ಗೊತ್ತು ಅಂದುಕೊಂಡಿದ್ದೀಯ. ಅದು ಹೊಸವರ್ಷದ ರಜೆ ಮುಗಿದ ಮೊದಲ ದಿನ, ಮೈನಸ್ ನಲವತ್ತೆಂಟು. ರಜೆಯಲ್ಲಿ ಯಾರೂ ಗುಡಿಸದೆ ಗುಂಡಿಯ ನಡುವೆ ಮೊಣಕಾಲುದ್ದ ಹಿಮ ಕೂತಿತ್ತು. ಹಿಮ ಕಂಬಳಿ ಇದ್ದ ಹಾಗೆ, ಅದರಡಿ ಮಂಜುಗಡ್ಡೆ ಬೆಳೆಯುವುದಿಲ್ಲ. ಬೆಳಿಗ್ಗೆ ಹುಡುಗರು ಗುಡಿಸಿದ ಮೇಲೆ ತಳವೆಲ್ಲ ಒಂದೇ ಥರ ಹೊಳೆಯುತ್ತಿತ್ತು. ನಡುವೆ ಕೊರೆದರೆ ನೀರು ಚಿಮ್ಮಿ ಕೆಲಸದ ಜಾಗವೆಲ್ಲ ಒದ್ದೆ, ಬೆಣೆ ಹೊಡೆದು ಮುಚ್ಚುವಷ್ಟರಲ್ಲಿ ಕೈಗವಸು ಕಲ್ಲು. ನನಗೋ ಒಲೆ ಕರೆಯುತ್ತಿತ್ತು. ಗಾಳಿ ಬಡಿದು ಹಿಮ ನಿಲ್ಲದ ಗೋಡೆ ಪಕ್ಕ ಕೊರೆದೆ. ಒಂದು ಗೇಣು ಬಂತು. "ಇಳೀರಿ" ಅಂದೆ. ನಡುವೆ ಇದ್ದದ್ದು ನಾಲ್ಕು ಬೆರಳು.

ತೆರೆಂತಿ ಸೊಂಟದವರೆಗೆ ಹೋದ. ಅವನ ಕಾಲು ಹಡಗಿನ ಕಬ್ಬಿಣಕ್ಕೂ ಮಂಜುಗಡ್ಡೆಗೂ ನಡುವೆ ಸಿಕ್ಕಿಕೊಂಡಿತು. ಬಿಡಿಸಿ ಒಲೆಯ ಬಳಿ ತರುವಷ್ಟರಲ್ಲಿ ಬೂಟು ಪಾದಕ್ಕೆ ಅಂಟಿಹೋಗಿತ್ತು. ಕೊನೆಗೆ ಆ ಕಾಲು ಕತ್ತರಿಸಿದರು. ವಿಚಾರಣೆಗೆ ಬಂದವರು "ಕೆಲಸಗಾರನ ಅಜಾಗರೂಕತೆ" ಅಂತ ಬರೆದರು. ನಾನು ಅಲ್ಲೇ ಕೂತಿದ್ದೆ. ಬಾಯಿ ಬಿಡಲಿಲ್ಲ ಕೆಸ್ಕಿಲ್.

ನೀರಿಗಿಳಿದು ಬಂದವನು ಅಂತ ಜೊತೆ ಕೆಲಸದವರು ಅವನಿಗೆ "ಮೀನಿನ ಮನೆ ಅಳಿಯ" ಅಂತ ಹೆಸರಿಟ್ಟರು. ನೀನೂ ಹಾಗೆ ಕರೆದು ನಕ್ಕಿದ್ದೀಯ, ನಿನ್ನ ಜೊತೆ ನಾನೂ ನಕ್ಕಿದ್ದೇನೆ. ಅವನೇ ರಿಪೇರಿ ಅಂಗಳದ ಗೇಟಿನಲ್ಲಿ ಕಾವಲು ಕೂತು ದಿನಾ ಹೇಳುತ್ತಿದ್ದ: "ತಪ್ಪು ನಂದೇ ಬಿಡು ಅಕುಲಿನಾ. ಕರಡಿ ಥರ ಕುಣಿದ್ರೆ ಮಂಜು ತಡ್ಕೊಳ್ಳುತ್ತಾ?" ಮೂರು ವರ್ಷ ಆ ಮಾತು ಕೇಳಿಸಿಕೊಂಡು ತಲೆತಗ್ಗಿಸಿ ಒಳಗೆ ಹೋಗಿದ್ದೇನೆ.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ನೀನು ಕೆಲಸಕ್ಕೆ ಸೇರಿದಾಗ ನಿನಗೂ ಗೋಡೆ ಪಕ್ಕದ ತೂತನ್ನೇ ಕಲಿಸಿದೆ. ನಡುವೆ ಕೊರೆ ಅಂದಿದ್ದರೆ, "ಹಾಗಾದ್ರೆ ಆವತ್ಯಾಕೆ ನೀನು ಕೊರೀಲಿಲ್ಲ?" ಅಂತ ಯಾರಾದರೂ ಕೇಳಿಯೇ ಕೇಳುತ್ತಿದ್ದರು. ಅದಕ್ಕೇ ಕೆಲಸ ಶುರುವಾಗುವ ಮುಂಚೆ ನಿನಗೂ ಗೊತ್ತಾಗದ ಹಾಗೆ ಒಬ್ಬಳೇ ಇಳಿದು ನಡುವೆ ಕೊರೆದು, ಬೆಣೆ ಹೊಡೆದು, ಮೇಲೆ ಹಿಮ ಹರಡಿ ಬರುತ್ತಿದ್ದೆ. ನೀನು ಕ್ಷೇಮವಾಗಿದ್ದದ್ದು ನಿನ್ನ ಅಳತೆಯಿಂದಲ್ಲ, ನನ್ನ ಕಳ್ಳತನದಿಂದ. ಈ ವರ್ಷ ಮಂಡಿನೋವು ಅಂತ ನನ್ನನ್ನು ಆಫೀಸಿಗೆ ಹಾಕಿದರು. ನಿನ್ನ ಹಿಂದೆ ಈಗ ಯಾರೂ ಇಲ್ಲ. ಇಷ್ಟು ದಿನ ಹೇಗೆ ನಿದ್ದೆ ಮಾಡಿದೆನೋ, ಥೂ ನನ್ನ ಜನ್ಮಕ್ಕೆ!

ಚೀಟಿ ಹಿಡಿದುಕೊಂಡು ಮೊದಲು ಗೇಟಿಗೆ ಓಡಿದೆ. ತೆರೆಂತಿಗೆ ಎಲ್ಲ ಹೇಳಿದೆ. ಹೊಡೆಯುತ್ತಾನೆ ಅಂದುಕೊಂಡೆ, ಹೊಡೆದಿದ್ದರೆ ಚೆನ್ನಾಗಿತ್ತು. ಅವನು ಊರುಗೋಲು ಊರಿ ಎದ್ದು ನಿಂತ. ಆಮೇಲೆ ಕೇಳಿದ: "ನಿನ್ನ ತಮ್ಮ ಈಗೆಲ್ಲಿದಾನೆ?" ಹೇಳಿದೆ. "ಮತ್ತೆ ಇಲ್ಲೇನು ಅಳ್ತಾ ನಿಂತಿದೀಯ? ನನ್ನ ಕಾಲು ಓಡಿಹೋಗಲ್ಲ, ಆಮೇಲೆ ಬೈತೀನಿ. ಮೊದ್ಲು ಹುಡುಗನಿಗೆ ಬರಿ ಹೋಗು."

ಅದಕ್ಕೇ ಬರೆಯುತ್ತಿದ್ದೇನೆ. ನಾಳೆ ಹಿಮ ಗುಡಿಸಿ. ಗುಡಿಸಿದ ಮೇಲೂ ಒಬ್ಬರೂ ಕಡಿಯಬೇಡಿ. ನೀನು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ಇಬ್ಬರಿಗೆ ಹಿಡಿಯಲು ಹೇಳಿ, ಹಡಗಿನ ಹೊಟ್ಟೆಯಡಿ ನಟ್ಟನಡುವೆ ಕೊರೆ. ನೀರು ಚಿಮ್ಮಲಿ, ಕೈಗವಸು ಹಾಳಾಗಲಿ. ಒಂದು ಗೇಣು ಇಲ್ಲದಿದ್ದರೆ ವಾರ ಕಾಯಿರಿ. ಮೇಸ್ತ್ರಿ ರೇಗಿದರೆ ಈ ಕಾಗದವನ್ನು ಎಲ್ಲರ ಮುಂದೆ ಗಟ್ಟಿಯಾಗಿ ಓದು. ನನ್ನ ಹೆಸರು ನುಂಗಬೇಡ.

ನಾನೇ ಬರಬಹುದಿತ್ತಲ್ಲ ಅನ್ನುತ್ತೀಯ. ನದಿಯ ಕೆಳಗಿನ ಇನ್ನೊಂದು ಕೊಲ್ಲಿಯಲ್ಲೂ ಹಡಗಿನಡಿ ಇಳಿಯುವ ಒಂಬತ್ತು ಜನ ಇದ್ದಾರೆ, ಅವರಿಗೆ ಗೋಡೆ ಪಕ್ಕದ ತೂತು ಕಲಿಸಿದ್ದು ನೀನು. ನಿನಗೆ ನನ್ನ ಕಾಗದ ಸಾಕು, ಅವರಿಗೆ ನನ್ನ ಮುಖ ಬೇಕು. ಇನ್ನರ್ಧ ಗಂಟೆಗೆ ಅಲ್ಲಿಗೆ ಡೀಸೆಲ್ ಒಯ್ಯುವ ಲಾರಿಯಲ್ಲಿ ಹೊರಡುತ್ತೇನೆ. ತೆರೆಂತಿಯೂ ಹತ್ತಿ ಕೂತಾಗಿದೆ. ಬೇಡ, ಚಳಿ, ನಿನಗ್ಯಾಕೆ ಅಂದೆ. ಪ್ಯಾಂಟಿನ ಕಾಲು ಮೇಲೆತ್ತಿ ತೋರಿಸಿ ಅಂದ: "ನಿನ್ನ ಮಾತು ನಂಬದಿದ್ರೆ ಇದನ್ನ ನೋಡ್ಲಿ."

ಇನ್ನು ಮೇಲೆ ನನ್ನನ್ನು ಅಕ್ಕ ಅನ್ನುವುದೋ ಬಿಡುವುದೋ ನಿನ್ನಿಷ್ಟ ಮಗೂ. ನಿನ್ನ ಎರಡು ಪಾದವೂ ಬೆಚ್ಚಗಿರಲಿ, ನೂರು ವರ್ಷ ನಡೆಯಲಿ. ನಾಳೆಯಿಂದ ನಾನು ಕಲಿಸಿದ್ದನ್ನು ನಂಬಬೇಡ, ನಡುವೆ ಕೊರೆದು ನೋಡು.

ನಿನ್ನ ಅಕ್ಕ,
ಅಕುಲಿನಾ