ಇಂದಾಪುರಕ್ಕೆ ಹೋಗಿ ಬಂದೆ

ಭೋಸರಿ, ಪುಣೆ
ಗುರುವಾರ, ೧೩ ನವೆಂಬರ್ ೨೦೨೫

ನೀತಾನ ಅಪ್ಪಾರಿಗೆ,

ಶಿವಕಾಂತಾಳ ನಮಸ್ಕಾರ. ಅಲ್ಲಿ ಥಂಡಿಯೊಳಗ ನೀವು ಹುಷಾರಿದ್ದೀರಿ ಅಂತ ತಿಳೀತೀನಿ. ನಾವಿಲ್ಲಿ ಆರಾಮ ಇದ್ದೀವಿ ಅಂತ ಈಗ ಬರದರ ಸುಳ್ಳಾಗೋದಿಲ್ಲ. ಎರಡು ತಿಂಗಳ ಹಿಂದ ಬರದಿದ್ದರ ಸುಳ್ಳಾಗ್ತಿತ್ತು, ಅದಕ್ಕೇ ಇಷ್ಟು ತಡ ಮಾಡಿದೆ. ಸಿಟ್ಟಾಗಬ್ಯಾಡ್ರಿ.

ಫೋನ್ ಇರೋವಾಗ ಕಾಗದ ಯಾಕ ಅಂತ ನಗ್ತೀರಿ. ಫೋನಿನ್ಯಾಗ ನಾನು ಅರ್ಧ ಮಾತು ಹೇಳೋದ್ರಾಗ ಲೈನ್ ಕಟ್ ಆಗ್ತದ. ಕಾಗದ ಹಂಗ ಆಗೋದಿಲ್ಲ. ನಿಮ್ಮ ಜೋಡಿ ವೆಲ್ಡಿಂಗ್ ಮಾಡೋ ಧರ್ಮಣ್ಣ ಸುಟ್ಟಿ ಮುಗಿಸಿ ಬರೋ ಮಂಗಳವಾರ ಮುಂಬೈಲಿಂದ ವಿಮಾನ ಹತ್ತತಾರ. ಅವರ ಕೈಯಾಗ ಇದನ್ನ, ಶೇಂಗಾ ಚಟ್ನಿ, ಎರಡು ಜೋಡಿ ಉಣ್ಣಿ ಕಾಲಚೀಲ ಕೊಟ್ಟೀನಿ. ಚಟ್ನಿಗೆ ಖಾರ ಕಮ್ಮಿ ಹಾಕೀನಿ.

ನೀತಾ ಶಾಲಿ ಕಬಡ್ಡಿ ತಂಡದಾಗ ಸೇರ್ಯಾಳ. ದಿನಾ ಮೊಣಕಾಲು ಕೆತ್ತಿಕೊಂಡು ಬರ್ತಾಳ, ಆದರ ಅಳೋದಿಲ್ಲ. ನನ್ನನ್ನ ಕಾರ್ಖಾನಿಯೊಳಗ ಬೋಲ್ಟ್ ತಪಾಸಣಿ ಟೇಬಲ್ಲಿಗೆ ಖಾಯಂ ಹಾಕ್ಯಾರ. ಕುಂತು ಮಾಡೋ ಕೆಲಸ, ಕಣ್ಣಿಗೆ ದಣಿವು, ಕಾಲಿಗೆ ಆರಾಮ.

ಇನ್ನ ಹೇಳಬೇಕಾದದ್ದು ಹೇಳ್ತೀನಿ. ಸಪ್ಟೆಂಬರ್ ಹನ್ನೊಂದಕ್ಕ ಖೋಲಿ ಬಾಡಿಗಿ ಕೊಡಲಿಕ್ಕೆ ಎಟಿಎಂಗೆ ಹೋದೆ. ಮೂರು ಸಲ ಕಾರ್ಡು ಹಾಕಿದೆ, ಮೂರು ಸಲ ಕಾರ್ಡಷ್ಟೇ ಹೊರಗ ಬಂತು. ಬ್ಯಾಂಕಿಗೆ ಹೋದರ ಸಾಹೇಬರು ಕಂಪ್ಯೂಟರ್ ನೋಡಿ, "ಬಾಯಿ, ನಿಮ್ಮ ಖಾತೆಗೆ ಪೊಲೀಸರು ತಡೆ ಹಾಕ್ಯಾರ" ಅಂದ್ರು.

"ಯಾಕ ರೀ?"

"ಈ ತಿಂಗಳು ಎರಡನೇ ತಾರೀಖು ನಿಮಗ ಮೂವತ್ತೆಂಟೂವರೆ ಸಾವಿರ ಬಂದದ. ಅದು ಯಾರಿಗೋ ಮೋಸ ಮಾಡಿ ಕಸಕೊಂಡ ರೊಕ್ಕ. ಯಾರು ಕಳಿಸಿದ್ದು?"

"ಗೊತ್ತಿಲ್ರಿ. ನಾನು ಡಾಲರ್ ಮಾರಿದ್ದೆ."

"ಎಲ್ಲಿ ಡಾಲರ್?"

"ಮೊಬೈಲಿನ್ಯಾಗ ರೀ."

ಅವರು ನನ್ನ ಮೊಬೈಲ್ ನೋಡಿದ್ರು. ಒಡದ ಗಾಜಿಗೆ ಟೇಪ್ ಹಚ್ಚಿದ್ದು. ಆಮ್ಯಾಲ ನನ್ನ ಮಾರಿ ನೋಡಿದ್ರು. ಹಿಂದ ಪಾಳಿಯೊಳಗ ನಿಂತವರೆಲ್ಲ ಕುತ್ತಿಗಿ ಚಾಚಿ ನೋಡಿದ್ರು. ಅಷ್ಟು ಮಂದಿ ಮುಂದ ನಾನು ಮರಾಠಿಯೊಳಗ ತಡವರಿಸಿ ಹೇಳಿದೆ: ನನ್ನ ಗಂಡ ರಷ್ಯಾದಾಗ ಹಡಗು ಕಟ್ಟೋ ಜಾಗದಾಗ ವೆಲ್ಡರ್ ಇದ್ದಾರ. ಯುದ್ಧದ ಸಲುವಾಗಿ ದೊಡ್ಡ ದೊಡ್ಡ ದೇಶದವರು ಅಲ್ಲಿನ ಬ್ಯಾಂಕುಗಳಿಗೆ ದಾರಿ ಬಂದ್ ಮಾಡ್ಯಾರ, ಪಗಾರ ಸೀದಾ ಬರೋದಿಲ್ಲ. ಅವರು ಅಲ್ಲಿ ಡಿಜಿಟಲ್ ಡಾಲರ್ ಕೊಂಡು ನನ್ನ ಆ್ಯಪಿಗೆ ಕಳಿಸ್ತಾರ. ಯಾರು ಹೆಚ್ಚಿನ ದರ ಕೊಡ್ತಾರೋ ಅವರಿಗೆ ನಾನು ಮಾರ್ತೀನಿ, ಅವರು ರೂಪಾಯಿ ನನ್ನ ಖಾತೆಗೆ ಹಾಕ್ತಾರ. ಹದಿನಾಲ್ಕು ತಿಂಗಳಿಂದ ಹಿಂಗೇ ನಡದದ.

"ಹದಿನಾಲ್ಕು ತಿಂಗಳು ರೊಕ್ಕ ಹಾಕಿದವರು ಯಾರಂತ ಒಬ್ಬರನ್ನೂ ಕೇಳಿಲ್ಲೇನು?" ಅಂದ್ರು ಸಾಹೇಬರು.

ನನ್ನ ಪಗಾರನೂ ಅದೇ ಖಾತೆಯೊಳಗ ಸಿಕ್ಕಿಕೊಂಡಿತ್ತು. ಸೂಪರ್ವೈಜರ್ ಹತ್ರ ಮುಂಗಡ ಕೇಳಿದೆ. ಖೋಲಿ ಮಾಲಕರಿಗೆ ಇದ್ದದ್ದು ಇದ್ದಂಗ ಹೇಳಿದೆ, ಅವರು ದೀಪಾವಳಿ ತನಕ ತಡದ್ರು. ದೂರ ಇರೋರಿಗೆ ಚಿಂತಿ ಯಾಕ ಹಚ್ಚಬೇಕು ಅಂತ ನಿಮಗ ಹೇಳಲಿಲ್ಲ.

ಡಾಲರ್ ಕೊಳ್ಳೋರು ಮಾರೋರು ಸೇರಿರೋ ಫೋನಿನ ಗ್ರೂಪು, ನಿಮ್ಮ 'ಕಾಯಿನ್ ಬಳಗ'ದಾಗ ನಿಮ್ಮಂಗೇ ಇನ್ನೊಬ್ಬ ಅಡ್ಮಿನ್ ಇದ್ದಾನಲ್ಲ, ಮಗರಪಟ್ಟಾದ ಕಂಪ್ಯೂಟರ್ ಕಂಪನಿಯ ಅವಿನಾಶ್, ಅವನಿಗೆ ಫೋನ್ ಮಾಡಿದೆ. ಒಳ್ಳೇ ಹುಡುಗ, ಮರ್ಯಾದಿಲೇ ಮಾತಾಡಿದ.

"ಅತ್ತಿಗೆ, ಟೆನ್ಶನ್ ತಗೋಬೇಡಿ. ಇದೆಲ್ಲ ಕಾಮನ್. ಒಬ್ಬ ಏಜೆಂಟ್ ಇದ್ದಾನೆ, ಎಂಟು ಸಾವಿರ ಕೊಟ್ರೆ ಅಕೌಂಟ್ ಬಿಡಿಸೋ ಲೆಟರ್ ತರಿಸಿಕೊಡ್ತಾನೆ. ಅಲ್ಲೀವರೆಗೂ ಮಗಳ ಹೆಸರಲ್ಲಿ ಒಂದು ಅಕೌಂಟ್ ಓಪನ್ ಮಾಡಿ, ಅದ್ರಲ್ಲಿ ಮಾರಿ."

"ಆ ರೊಕ್ಕ ಯಾರದು ಅವಿನಾಶ್?"

"ಅದು ನಮಗ್ಯಾಕೆ ಅತ್ತಿಗೆ?"

ನಾನು ಫೋನ್ ಇಟ್ಟೆ. ಒಂಬತ್ತು ವರ್ಷದ ಹುಡುಗಿ ಹೆಸರಿಲೆ ಗುರುತಿಲ್ಲದವರ ರೊಕ್ಕ ತರಿಸಬೇಕಂತ. ಅವತ್ತೇ ನಿಕ್ಕಿ ಮಾಡಿದೆ, ಇದು ಯಾರ ರೊಕ್ಕ ಅಂತ ನೋಡೇ ನೋಡ್ತೀನಿ ಅಂತ.

ಬ್ಯಾಂಕಿನವರು ದೂರಿನ ನಂಬರ್, ಠಾಣೆಯ ಹೆಸರು ಬರದುಕೊಟ್ಟಿದ್ದರು. ಇಂದಾಪುರ. ಮುಂದಿನ ಗುರುವಾರ ಸುಟ್ಟಿ ಇತ್ತು. ನೀತಾನ್ನ ಧರ್ಮಣ್ಣರ ಹೆಂಡತಿ ವಸಂತಿ ಹತ್ರ ಬಿಟ್ಟು ಸ್ವಾರಗೇಟಿಂದ ಎಸ್‌ಟಿ ಬಸ್ ಹಿಡದೆ. ಆ್ಯಪಿನ್ಯಾಗಿಂದು ಎಲ್ಲಾ ಕಾಗದದ ಮ್ಯಾಲ ತಗಿಸಿಕೊಂಡಿದ್ದೆ, ಹದಿನಾಲ್ಕು ಹಾಳಿ. ದಾರಿ ತುಂಬ ಕಬ್ಬು. ಪಕ್ಕದಾಗ ಕುಂತ ಬಾಯಿ "ತವರಿಗೆ ಹೊಂಟೀಯೇನು?" ಅಂತ ಕೇಳಿದಳು. ಹೂಂ ಅಂದುಬಿಟ್ಟೆ. ಠಾಣೆಗೆ ಹೊಂಟೀನಿ ಅಂತ ಹ್ಯಾಂಗ ಹೇಳ್ಲಿ.

ಠಾಣೆಯ ಸಾಹೇಬರು ಹೆಂಗಸು, ನನ್ನಕಿಂತ ಸಣ್ಣಾಕಿ. ಹಾಳಿ ಒಂದೊಂದೇ ತಿರುವಿ ನೋಡಿದ್ರು. ದೂರು ಕೊಟ್ಟವರನ್ನೂ ಕರಿಸಿದ್ದರು. ಸಾವಿತ್ರಿಬಾಯಿ ಅಂತ, ಅರವತ್ತು ದಾಟ್ಯದ, ಶಾಲಿ ಮಕ್ಕಳಿಗೆ ಖಿಚಡಿ ಮಾಡಿ ಹಾಕ್ತಿದ್ದರಂತ. ಒಬ್ಬವ ಪೊಲೀಸ್ ಡ್ರೆಸ್ ಹಾಕ್ಕೊಂಡು ವಿಡಿಯೋ ಫೋನ್ ಮಾಡಿ, ನಿನ್ನ ಹೆಸರಿನ ಪಾರ್ಸೆಲ್ಲಿನ್ಯಾಗ ಮಾದಕ ವಸ್ತು ಸಿಕ್ಕದ, ಫೋನ್ ಮುಂದಿಂದ ಎದ್ದರ ಜೇಲು ಅಂತ ಹೆದರಿಸಿ ನಾಲ್ಕು ತಾಸು ಕೂಡ್ರಿಸ್ಯಾನ. ಎರಡು ಖೋಲಿ ಕಟ್ಟಸಬೇಕು ಅಂತ ಕೂಡಿಸಿಟ್ಟಿದ್ದ ಒಂದು ಲಕ್ಷ ನಲವತ್ತು ಸಾವಿರ ಹೋಗ್ಯದ. ಅದರೊಳಗಿಂದೇ ನನಗ ಬಂದಿದ್ದು.

ಆ ಬಾಯಿ ನನ್ನನ್ನ ಕಾಲಿಂದ ತಲಿ ತನಕ ನೋಡಿದರು.

"ಎರಡು ವಾರದಿಂದ ಕಳ್ಳನ ಮಾರಿ ಹ್ಯಾಂಗಿರಬಹುದು ಅಂತ ನೆನಸ್ತಿದ್ದೆ. ಮೀಸಿ ಇರ್ತಾವ ಅಂದುಕೊಂಡಿದ್ದೆ" ಅಂದ್ರು.

ಸಾಹೇಬರೇ ನಡುವ ಬಂದ್ರು. "ಆಜಿ, ಈಕಿ ಕಳ್ಳಿ ಅಲ್ಲ. ಕಳ್ಳ ನಿಮ್ಮ ರೊಕ್ಕ ಈಕಿಗೆ ಕೊಟ್ಟು ಈಕಿ ಡಾಲರ್ ತಗೊಂಡು ಹೋಗ್ಯಾನ." ಆಮ್ಯಾಲ ನನಗಂದ್ರು: "ಇದನ್ನ ಮಾರೋದೇ ಗುನ್ಹೆ ಅಂತ ನಾನು ಅನ್ನೋದಿಲ್ಲ. ಸರ್ಕಾರ ತೆರಿಗಿ ಹಾಕ್ತದ, ನೋಂದಣಿ ಆದವರ ಮೂಲಕ ಮಾಡ್ರಿ ಅಂತದ. ನೀವು ದರ ಅಷ್ಟೇ ನೋಡಿದ್ರಿ, ಮನುಷ್ಯಾ ಯಾರಂತ ನೋಡಲಿಲ್ಲ. ನೀವೂ ಮೋಸ ಹೋದವರೇ ಅಂತ ಕೋರ್ಟಿನ್ಯಾಗ ಹೇಳಿಕೊಳ್ಳಬಹುದು. ವರ್ಷ ಹಿಡೀಬಹುದು, ಎರಡು ವರ್ಷನೂ ಹಿಡೀಬಹುದು."

ಅದು ನಿಮ್ಮ ಒಂದು ತಿಂಗಳ ದುಡಿಮಿ. ಹಿಮದಾಗ ನಿಂತು, ಕಿಡಿ ಹಾರಿ ತೋಳು ಸುಟ್ಟುಕೊಂಡು ಗಳಿಸಿದ್ದು. ವಾಪಸ್ ಕೊಟ್ಟರ ಅದು ಹೋದಂಗೇ. ನಿಮ್ಮನ್ನ ಒಂದು ಮಾತು ಕೇಳಬೇಕಿತ್ತು. ಕೇಳಲಿಲ್ಲ. "ನನ್ನ ಖಾತೆಯಿಂದ ಇವರ ರೊಕ್ಕ ಇವರಿಗೆ ಕೊಡಿಸ್ರಿ, ಎಲ್ಲಿ ಸಹಿ ಮಾಡಬೇಕು ಹೇಳ್ರಿ" ಅಂದೆ.

ಸಾವಿತ್ರಿಬಾಯಿ ಹರ್ಷ ಪಡಲಿಲ್ಲ, ಛಲೋ ಆತು ಅಂತನೂ ಅನ್ನಲಿಲ್ಲ. ಯಾಕ ಅನ್ನಬೇಕು? "ಉಳಿದದ್ದು?" ಅಂತ ಕೇಳಿದರು.

"ನನಗ ಗೊತ್ತಿಲ್ರಿ."

"ಗೊತ್ತು ಮಾಡಿಕೋ. ನನಗ ಈ ಫೋನಿನ ಆಟ ತಿಳಿಯೋದಿಲ್ಲ. ನಿನಗ ತಿಳೀತದ."

ಬಸ್ಸಿನ್ಯಾಗ ಬರೋವಾಗ ಅದೇ ಮಾತು ಕಿವಿಯಾಗ ಕುಂತಿತ್ತು. ಬಳಗದಾಗ ನಾನಿಲ್ಲ, ವಸಂತಿ ಇದ್ದಾಳ; ಮರುದಿನ ಅವಳ ಫೋನಿನಿಂದ ಅಲ್ಲಿ ಒಂದು ಸಂದೇಶ ಹಾಕಿಸಿದೆ. ನೀವು ನೋಡಿರಬೇಕು. ನನ್ನ ಡಾಲರ್ ಕೊಂಡವನ ಹೆಸರು ಬರದು, "ಇವನಿಗೆ ಮಾರಿ ಯಾರ್ಯಾರ ಖಾತೆ ಬಂದ್ ಆಗ್ಯಾವ?" ಅಂತ. ಹೆಸರು ವಸಂತಿದು, ಮಾತು ನಂದು. ನಾಲ್ಕು ನಿಮಿಷಕ್ಕ ಅಳಿಸಿಬಿಟ್ಟರು, 'ಸುಮ್ಮನೇ ಭಯ ಹಬ್ಬಿಸಬೇಡಿ' ಅಂತ ಬರದು. ಮತ್ತ ಹಾಕಿದಿವಿ. ಮತ್ತ ಅಳಿಸಿದರು. ನೀವು ಅಳಿಸಿದ್ದೋ ಅವಿನಾಶ್ ಅಳಿಸಿದ್ದೋ ನಾನು ಕೇಳೋದಿಲ್ಲ. ಸಾವಿರದ ನೂರು ಮಂದಿ ಇರೋ ಬಳಗ. ಮುಂಜಾನಿ ಎದ್ದು ಎಲ್ಲರೂ ಎಲ್ಲರಿಗೂ ಶುಭಾಶಯ ಹೇಳ್ತಾರ. ಎಲ್ಲೋ ಬಾಂಬು ಬಿದ್ದರ 'ಈಗ ದರ ಇಳೀತದ, ಕೊಂಡುಬಿಡ್ರಿ' ಅಂತಾರ. ಯಾವುದೋ ದೇಶದ ಮಂತ್ರಿ ಏನೋ ಅಂದರ ಹಬ್ಬ ಮಾಡ್ತಾರ. ಒಬ್ಬ ಮುದುಕಿ ರೊಕ್ಕ ಯಾವ ಕೈಯಾಗ ಹೋತು ಅಂತ ಕೇಳಿದರ ಅಳಿಸ್ತಾರ.

ಆದರ ಆ ನಾಲ್ಕು ನಿಮಿಷದಾಗ ಓದಿದವರು ಓದಿದ್ದರು. ಸಂಜಿ ಅನ್ನೋದ್ರಾಗ ಐದು ಮಂದಿ ಹೆಣ್ಣುಮಕ್ಕಳು ವಸಂತಿಗೆ ಗುಟ್ಟಾಗಿ ಬರದ್ರು. ಒಬ್ಬಾಕಿ ಚಾಕಣದಾಕಿ, ಒಬ್ಬಾಕಿ ಹಡಪಸರದಾಕಿ, ಮೂವರು ನಮ್ಮ ಭೋಸರಿಯವರೇ. ಎಲ್ಲರ ಗಂಡಂದಿರೂ ಹೊರದೇಶದಾಗ, ಎಲ್ಲರ ಖಾತೆನೂ ಬಂದ್, ಎಲ್ಲರೂ ತಾನೊಬ್ಬಾಕೇ ಅಂತ ಬಾಯಿ ಮುಚ್ಚಿಕೊಂಡು ಕುಂತವರು. ಒಬ್ಬಾಕಿ ಮಂಗಳಸೂತ್ರ ಅಡವಿಟ್ಟು ಏಜೆಂಟನಿಗೆ ಎಂಟು ಸಾವಿರ ಕೊಟ್ಟಿದ್ದಳು. ಲೆಟರೂ ಇಲ್ಲ, ಏಜೆಂಟನೂ ಇಲ್ಲ.

ಮುಂದಿನ ಗುರುವಾರ ಐವರೂ ನಮ್ಮ ಖೋಲಿಗೆ ಬಂದ್ರು. ಕೂಡಲಿಕ್ಕೆ ಜಾಗ ಸಾಲದೆ ನೀತಾ ಕಪಾಟದ ಮ್ಯಾಲ ಹತ್ತಿ ಕುಂತಳು. ಯಾರು ಯಾವತ್ತು ಯಾರಿಗೆ ಮಾರಿದ್ರು ಅಂತ ಆರೂ ಮಂದಿದು ಬರದುಕೊಂಡೆ. ಮೂರು ಬ್ಯಾರೆ ಬ್ಯಾರೆ ಹೆಸರು, ಆದರ ಅವರು ಮಾತಾಡಿದ ಫೋನ್ ನಂಬರ್ ಒಂದೇ! ಅದನ್ನೆಲ್ಲ ತಾರೀಖಿನ ಪ್ರಕಾರ ಜೋಡಿಸಿ, ಆರೂ ಮಂದಿ ಸಹಿ ಹಾಕಿ ಇಂದಾಪುರಕ್ಕ ಕೊಟ್ಟು ಬಂದೆ. ಸಾಹೇಬರು ಓದಿ, "ಯಾರ ಕಡಿಂದ ಬರಸಿದ್ರಿ?" ಅಂದ್ರು. "ನಾನೇ ಬರದೀನಿ ರೀ" ಅಂದೆ. ಅವತ್ತು ಎಷ್ಟು ಎದಿ ಉಬ್ಬಿತು ಗೊತ್ತೇನು.

ಅಕ್ಟೋಬರ್ ಕೊನಿಗೆ ಆ ನಂಬರಿನವ ಸೋಲಾಪುರದಾಗ ಸಿಕ್ಕ. ಸಣ್ಣ ಕೈ ಅಂತ, ದೊಡ್ಡವರು ಎಲ್ಲಿದ್ದಾರೋ. ಕೋರ್ಟಿನ ಆದೇಶ ಆಗಿ ಈ ತಿಂಗಳು ನಾಲ್ಕಕ್ಕ ನನ್ನ ಖಾತೆ ಬಿಟ್ಟರು. ಸಾವಿತ್ರಿಬಾಯಿಗೆ ನನ್ನ ಕಡಿಂದ ಹೋದದ್ದಲ್ಲದೆ ಆ ಚಾಕಣದಾಕಿ ಖಾತೆಯಿಂದ ಇನ್ನೂ ಇಪ್ಪತ್ತೆರಡು ಸಾವಿರ ಸಿಕ್ಕಿತು. ಪೂರ್ತಿ ಸಿಕ್ಕಿಲ್ಲ. ಮೊನ್ನಿ ಅವರೇ ಫೋನ್ ಮಾಡಿ, "ಒಂದು ಖೋಲಿ ಅಂತೂ ಆಗ್ತದ" ಅಂದ್ರು, ಅಷ್ಟೇ ಹೇಳಿ ಇಟ್ಟರು.

ಇನ್ನ ನನ್ನ ಮಾತು ಕೇಳ್ರಿ. ಇದು ವಿಚಾರಿಸೋದಲ್ಲ, ಹೇಳೋದು. ಆಮ್ಯಾಲ ನೀವು ಕಳಿಸಿದ ಡಾಲರ್ ಹಂಗೇ ಫೋನಿನ್ಯಾಗ ಅದ, ಮಾರಿಲ್ಲ. ನೋಂದಣಿ ಆದ ಕಂಪನಿಯೊಳಗ ನನ್ನ ಹೆಸರು ವಿಳಾಸ ಕೊಟ್ಟು, ದರ ಕಮ್ಮಿ ಆದರೂ ಅಲ್ಲೇ ಮಾರ್ತೀನಿ, ತೆರಿಗಿ ಕಟ್ತೀನಿ. ಇನ್ನ ಮುಂದ ಈ ಡಿಜಿಟಲ್ ಡಾಲರ್ ಕಳಿಸಬ್ಯಾಡ್ರಿ. ರೂಪಾಯಿಯೊಳಗ ಕಳಿಸೋ ಬ್ಯಾಂಕ್ ಅಲ್ಲೂ ಅದ, ಹದಿನೈದಿಪ್ಪತ್ತು ದಿನ ತಡ ಆಗ್ತದ ಅಂತ ಧರ್ಮಣ್ಣ ವಿಚಾರಿಸಿಕೊಂಡು ಬಂದಾರ. ಅವರೂ ಹಂಗೇ ಮಾಡವರಿದ್ದಾರ. ಆಗ್ಲಿ ತಡ. ತಡ ತಡಕೊಳ್ಳೋದು ನನಗ ರೂಢಿ ಆಗ್ಯದ. ಬಳಗದಾಗ ಎಲ್ಲರೂ ನಿಮ್ಮನ್ನ ಅವ್ವಣ್ಣ ಭಾಯ್ ಅಂತ ಕರೀತಾರ, ನಂಬ್ತಾರ. ಅಲ್ಲಿ ನಿಮ್ಮ ಬಾಯಿಲೇ ಇದನ್ನೆಲ್ಲ ಹೇಳ್ರಿ. ನೀವು ಹೇಳದಿದ್ದರ ನಾನು ಹೇಳ್ತೀನಿ, ಈ ಸಲ ನನ್ನ ಹೆಸರು ಹಾಕಿ. ಅಳಿಸಿದರ ಮತ್ತ ಬರೀತೀನಿ.

ಕಿಡಿ ಹಾರೋವಾಗ ಕನ್ನಡಕ ತಗೀಬ್ಯಾಡ್ರಿ. ನಿಮ್ಮ ಕಣ್ಣು, ಕೈ ಎರಡೂ ತಣ್ಣಗಿರಲಿ, ಆ ಹಿಮದೊಳಗೂ ಹೊಟ್ಟಿಗೆ ಬಿಸಿ ಅನ್ನ ಸಿಗಲಿ ಅಂತ ದಿನಾ ಶರಣಬಸಪ್ಪಗ ಕೈ ಮುಗೀತೀನಿ. ನೀತಾನ ಮುತ್ತು.

ನಿಮ್ಮ
ಶಿವಕಾಂತಾ

ತಾ.ಕ.: ಇದನ್ನ ಬರೀಬಾರದು ಅಂತ ಪಾಕೀಟ ಅಂಟಿಸಿಬಿಟ್ಟಿದ್ದೆ. ಮತ್ತ ಬಿಚ್ಚಿದೆ. ಖಾತೆ ಬಂದ್ ಆದ ದಿವಸ ನಿಮಗ ಏಳು ಸಲ ಫೋನ್ ಹಚ್ಚಿದೆ. 'ನೆಟ್ ಇಲ್ಲ, ಆಮ್ಯಾಲ' ಅಂತ ಬರದ್ರಿ. ವಸಂತಿ ಫೋನಿನ್ಯಾಗ ನೋಡಿದರ ನೀವು ಬಳಗದಾಗ ಮಾತಾಡ್ತಿದ್ದಿರಿ. ಅವಳ ಎರಡನೇ ಸಿಮ್ಮಿಲೆ 'ರೇಣು' ಅಂತ ಹೆಸರು ಹಾಕ್ಕೊಂಡು ನಿಮಗ ಬರದೆ, 'ಅಣ್ಣಾ, ಖಾತೆ ಬಂದ್ ಆಗ್ಯದ, ಭಾಳ ಹೆದರಿಕಿ ಆಗ್ಯದ' ಅಂತ. ಎರಡು ನಿಮಿಷದಾಗ ನಿಮ್ಮ ದನಿ ರೆಕಾರ್ಡ್ ಆಗಿ ಬಂತು. "ಅಳಬ್ಯಾಡ ತಂಗಿ. ಮೊದಲ ಹೇಳು, ಊಟ ಮಾಡಿದಿಲ್ಲೋ? ಸೀದಾ ಠಾಣೆಗೆ ಹೋಗು, ಖರೇ ಇದ್ದದ್ದು ಹೇಳು, ಹೆದರೋದೇನದ" ಅಂದ್ರಿ. ಮೂರು ಸಲ ದನಿ ಕಳಿಸಿದ್ರಿ, ಎಲ್ಲಾ ಸೇರಿ ಹನ್ನೊಂದು ನಿಮಿಷ. ನಾನು ಇಂದಾಪುರಕ್ಕ ಹೋದದ್ದು ಆ ದನಿ ಕೇಳೇ. ನೀವು ಹೋದಾಗಿಂದ ನನಗ ಒಮ್ಮೆನೂ ಊಟ ಆತೇನು ಅಂತ ಕೇಳಿಲ್ಲ. ಆ ದನಿ ನನ್ನ ಫೋನಿಗೆ ಹಾಕಿಸಿಕೊಂಡೀನಿ, ಈಗಲೂ ಹಚ್ಚಿಕೊಂಡು ಕೇಳ್ತೀನಿ. ನಿನ್ನಿ ಕೇಳೋವಾಗ ನೀತಾ ಹೊರಗಿಂದ ಓಡಿ ಬಂದಳು. "ಅಪ್ಪಾ ಫೋನ್ ಮಾಡ್ಯಾರೇನವ್ವಾ?" ಅಂದಳು. ಹೂಂ ಅಂದೆ. ನೀವು ಊಟದ್ದು ಕೇಳಿದ್ದು ಕೇಳಿಸಿಕೊಂಡು, ಫೋನಿನ ಹತ್ರ ಬಾಯಿ ತಂದು, "ಆಗ್ಯದ ಅಪ್ಪಾ, ನಮ್ಮಿಬ್ಬರದೂ ಊಟ ಆಗ್ಯದ" ಅಂತ ಹೇಳಿದಳು.