ಮೂವತ್ತೇಳನೆಯ ಹಾಳೆ ಏಕೆ ಸ್ವಚ್ಛವಾಗಿದೆ

ಕೊಠಡಿಗಳನ್ನು ಮಂಜೂರು ಮಾಡುವ, ತೆರವೂ ಮಾಡಿಸುವ ಮಾನ್ಯರೇ,

ಶಹಾಪುರದ ಹಳೆಯ ಕಾಲುವೆ ಕ್ಯಾಂಪಿನ ಉಗ್ರಾಣದಲ್ಲಿ ಏಳು ವರ್ಷಗಳಿಂದ ನಡೆಯುತ್ತಿರುವ ನಮ್ಮ ಹಚ್ಚೆ ಚಿತ್ರಶಾಲೆಯನ್ನು ಈ ತಿಂಗಳ ಕೊನೆಯೊಳಗೆ ಖಾಲಿ ಮಾಡಬೇಕೆಂದು ತಾವು ಆದೇಶಿಸಿದ್ದೀರಿ. ಕಾರಣ ಎರಡು ಕೊಟ್ಟಿದ್ದೀರಿ. ಅಲ್ಲಿರುವುದೆಲ್ಲ ನಕಲು, ಮೂಲ ಕೃತಿ ಒಂದೂ ಇಲ್ಲ. ಅಲ್ಲದೆ ಅರವತ್ತಮೂರು ಹಾಳೆಗಳಲ್ಲಿ ಅರವತ್ತೆರಡು ಮಸಿ ಹರಡಿ, ಗೆರೆ ನಡುಗಿ, ಪ್ರದರ್ಶನಕ್ಕೆ ಯೋಗ್ಯವಾಗಿಲ್ಲ. ಮೂವತ್ತೇಳನೆಯದು ಮಾತ್ರ ‘ಅತ್ಯಂತ ಸ್ವಚ್ಛ ಹಾಗೂ ನಿಖರ’ವಾಗಿರುವುದರಿಂದ ಅದನ್ನು ಯಾದಗಿರಿಯ ತಮ್ಮ ಸಭಾಂಗಣದ ಗೋಡೆಗೆ ಕಳಿಸಿಕೊಡಬೇಕು. ಉಳಿದವನ್ನು ನಾವು ಒಯ್ಯಬಹುದು. ಎಲ್ಲಿಗೆ ಎಂದು ಆದೇಶದಲ್ಲಿಲ್ಲ.

ಈ ಬಹಿರಂಗ ಪತ್ರವನ್ನು ಅಚ್ಚು ಮಾಡುತ್ತಿರುವ ಪತ್ರಿಕೆಯ ಓದುಗರಿಗಾಗಿ ಸ್ವಲ್ಪ ವಿವರ, ತಮಗೂ ಉಪಯೋಗವಾದೀತು. ಸುರಪುರದ ಕಡೆಯ ಕರೆಮ್ಮ ಮತ್ತು ಆಕೆಯ ಅತ್ತೆ ಈ ಸೀಮೆಯ ಹೆಣ್ಣುಮಕ್ಕಳ ತೋಳಿಗೆ ಹಚ್ಚೆ ಹಾಕಿದವರು. ಒಟ್ಟಿಗೆ ಕಟ್ಟಿದ ಮೂರು ಸೂಜಿ, ದೀಪದ ಕಾಡಿಗೆ, ಆಮೇಲೆ ಸವರಲು ಅರಿಸಿನ, ಇಷ್ಟೇ ಅವರ ಸಾಮಗ್ರಿ. ಸೀತೆಯ ಸೆರಗು, ಚೇಳು, ಕೃಷ್ಣನ ತೊಟ್ಟಿಲು ಎಲ್ಲ ಕಡೆಯೂ ಇವೆ. ಆದರೆ ಕಾಲುವೆ ಅಗೆಯುವ ಕಾಲಕ್ಕೆ ಕ್ಯಾಂಪಿನಿಂದ ಕ್ಯಾಂಪಿಗೆ ತಿರುಗುತ್ತಿದ್ದ ಕರೆಮ್ಮ, ಅಲ್ಲಿ ದುಡಿಯುತ್ತಿದ್ದ ಹೆಂಗಸರ ತೋಳಿಗೆ ಹೊಸದೊಂದನ್ನು ಸೇರಿಸಿದಳು: ತೊಟ್ಟಿಲಿನ ಕೆಳಗೆ ಒಂದು ಮಣ್ಣಿನ ಬುಟ್ಟಿ. ಕಾಲುವೆಯ ಉದ್ದ, ಅಗಲ, ಹರಿಯುವ ನೀರಿನ ಪ್ರಮಾಣ ಎಲ್ಲವೂ ಕಡತಗಳಲ್ಲಿವೆ. ಬುಟ್ಟಿ ಹೊತ್ತವರು ಯಾರೆಂಬುದು ನನಗೆ ತಿಳಿದಂತೆ ಈ ತೋಳುಗಳಲ್ಲಿ ಮಾತ್ರ ಇದೆ. ನಾನು ಪಾಠ ಹೇಳುವ ಶಾಲೆಯ ರಜೆಗಳಲ್ಲಿ ಸೈದಾಪುರದಿಂದ ಸುರಪುರದವರೆಗೆ ತಿರುಗಿ, ಆ ತೋಳುಗಳ ಮೇಲೆ ಬೆಣ್ಣೆ ಕಾಗದ ಹಾಸಿ, ಗೆರೆಗಳನ್ನು ಇದ್ದ ಹಾಗೆ ಇಳಿಸಿಕೊಂಡು ಬಂದೆ. ಯಾದಗಿರಿಯಲ್ಲಿ ಫೋಟೋಗೆ ಕಟ್ಟು ಹಾಕುವ ವಹಾಬ ಅವರು ಎಲ್ಲಕ್ಕೂ ಗಾಜು, ಚೌಕಟ್ಟು ಹಾಕಿಕೊಟ್ಟರು.

“ನಮ್ಮ ಅಂಗಡಿಗಿ ಬರೋರು ಬರೇ ಸತ್ತೋರ, ಟೀಚರ,” ಎಂದಿದ್ದರು. “ಜಿಂದಾ ಮಂದಿಗಿ ಕಟ್ಟು ಹಾಕಿದ್ದು ಇದ ಪೈಲಾ ಸಲ.”

ಇನ್ನು ಮೂಲ ಕೃತಿಗಳ ಮಾತು. ಅವು ತಮ್ಮ ಕಟ್ಟಡದಲ್ಲೇ ಇವೆ. ಪಿಂಚಣಿಯ ದೂರು ಹಿಡಿದು ಬಂದವರ ಸಾಲು ತಮ್ಮ ನೆಲಮಹಡಿಯ ಕಿಟಕಿಯ ಮುಂದೆ ನಿಂತಿರುತ್ತದೆಯಲ್ಲ, ಅಲ್ಲಿ. ತಮ್ಮ ಗುಮಾಸ್ತರು ಆ ಕೈಗಳನ್ನು ಹಿಡಿದು ಹೆಬ್ಬೆರಳನ್ನು ಯಂತ್ರಕ್ಕೆ ಒತ್ತಿಸುತ್ತಾರೆ. ಬೆರಳು ಸವೆದಿದೆ, ಗುರುತು ಹತ್ತುತ್ತಿಲ್ಲ ಎಂದು ವಾಪಸು ಕಳಿಸುತ್ತಾರೆ. ಆ ಬೆರಳಿನಿಂದ ಒಂದು ಗೇಣು ಮೇಲೆ ಬುಟ್ಟಿ ಇದೆ. ಅದು ಸವೆದಿಲ್ಲ. ಒಮ್ಮೆಯಾದರೂ ಯಾರಾದರೂ ನೋಡಿದ್ದಾರೆಯೇ? ಹೀಗೆ ಇನ್ನೂ ಬದುಕಿರುವ ತೋಳುಗಳು ನಲವತ್ತೊಂದು. ಉಳಿದ ಇಪ್ಪತ್ತೆರಡು ಮೂಲ ಕೃತಿಗಳು ಮಣ್ಣಿನಲ್ಲಿವೆ. ಅವನ್ನೂ ತಂದು ಹಾಜರುಪಡಿಸಬೇಕೆಂದರೆ ಯಾವ ನಮೂನೆಯಲ್ಲಿ ಅರ್ಜಿ ಸಲ್ಲಿಸಬೇಕು, ತಿಳಿಸಿ.

ಆ ಇಪ್ಪತ್ತೆರಡರ ಮನೆಯವರು ಆಗಾಗ ಉಗ್ರಾಣಕ್ಕೆ ಬರುತ್ತಾರೆ. ತಮ್ಮ ತಾಯಿಯದೋ ಅಜ್ಜಿಯದೋ ಹಾಳೆಯ ಮುಂದೆ ನಿಂತು, ಗಾಜಿನ ಮೇಲೆ ತಮ್ಮ ತೋಳನ್ನು ಉದ್ದಕ್ಕೆ ಆನಿಸಿ, ಸ್ವಲ್ಪ ಹೊತ್ತು ಹಾಗೇ ಇರುತ್ತಾರೆ. ಸಂಜೆ ಬೀಗ ಹಾಕುವಾಗ ಗಾಜಿನ ಮೇಲೆ ಆ ಗುರುತುಗಳು ಕಾಣುತ್ತವೆ. ತಮ್ಮ ಪರಿಶೀಲನಾ ಸಮಿತಿಯ ವರದಿ ಅವನ್ನು ‘ನಿರ್ವಹಣೆಯ ಕೊರತೆ’ ಎಂದಿದೆ. ಒರೆಸಲು ನನಗೆ ಕೈ ಬರುವುದಿಲ್ಲ.

ಮಸಿ ಏಕೆ ಹರಡಿತು ಎಂಬುದಕ್ಕೂ ಉತ್ತರವಿದೆ. ನಮ್ಮ ಬಿಸಿಲಿನಲ್ಲಿ ಬದುಕಿರುವವರ ತೋಳು ಬೆವರುತ್ತದೆ. ಕಾಗದ ಮುದುಡುತ್ತದೆ. ಪೆನ್ನು ತಾಗಿದರೆ ಕಚಗುಳಿ. “ಲಗೂನ ಬರಿಯವ್ವ, ಸೀತಿ ಸೆರಗು ತೊಯ್ಯಾಕತ್ತದ,” ಎಂದು ಸೈದಾಪುರದ ಮುದುಕಿಯೊಬ್ಬರು ನಕ್ಕು ನಕ್ಕು ಇಡೀ ಚೇಳನ್ನೇ ಅಲ್ಲಾಡಿಸಿಬಿಟ್ಟರು. ಅದು ಹನ್ನೊಂದನೆಯ ಹಾಳೆ. ತಮ್ಮ ವರದಿಯಲ್ಲಿ ಅದಕ್ಕೆ ‘ಅತಿ ಕಳಪೆ’ ಎಂದಿದೆ.

ಮೂವತ್ತೇಳನೆಯದು ನನ್ನ ತಾಯಿ ಅಯ್ಯಮ್ಮನ ತೋಳು. ಕಾಲುವೆಯ ಮಣ್ಣು ಹೊರುವಾಗ ಹಾಕಿಸಿಕೊಂಡ ತೊಟ್ಟಿಲು, ಅದರ ಕೆಳಗೆ ಬುಟ್ಟಿ. ನಾನು ಹಾಳೆಗಳ ಸುರುಳಿ ಹಿಡಿದು ಮನೆಗೆ ಬಂದಾಗಲೆಲ್ಲ ಕೇಳುತ್ತಿದ್ದಳು:

“ಊರ ಮಂದಿ ಕೈಯೆಲ್ಲಾ ಬರ್ಕೊಂಡ್ ಬಂದಿ. ನನ್ ಪಾಳಿ ಯಾವಾಗ?”

“ನೀ ಮನ್ಯಾಗ ಇರ್ತಿಯಲ್ಲವ್ವ. ಯಾವಾಗರ ಬರ್ದರಾಯ್ತು.”

“ಹೌದವ್ವ. ಮನ್ಯಾಗಿನ ದೇವರಿಗಿ ಕಡೀಕ ಎಡಿ.”

ಮೂರು ವರ್ಷ ಹೀಗೇ ನಡೆಯಿತು. ಒಂದು ಬೆಳಿಗ್ಗೆ ಆಕೆ ಏಳಲಿಲ್ಲ. ಮಧ್ಯಾಹ್ನ ಮಣ್ಣಿಗೆ ಒಯ್ಯುವುದಿತ್ತು. ಸೇರಿದ್ದ ಹೆಂಗಸರಿಗೆ ಸ್ವಲ್ಪ ಹೊತ್ತು ಹೊರಗೆ ಕೂರಲು ಹೇಳಿ, ನಾನು ಕಾಗದ ಹಾಸಿದೆ. ಕಾಗದ ಮುದುಡಲಿಲ್ಲ. ಮಸಿ ಎಲ್ಲಿ ಇಟ್ಟೆನೋ ಅಲ್ಲೇ ನಿಂತಿತು. ತೋಳು ನಾನು ಇರಿಸಿದ ಹಾಗೇ ಇತ್ತು. ಅಂಥ ಗೆರೆ ನನ್ನ ಕೈಯಿಂದ ಹಿಂದೆಯೂ ಬಂದಿಲ್ಲ, ಆಮೇಲೆಯೂ ಬಂದಿಲ್ಲ.

ಕಳೆದ ವರ್ಷ ಕರೆಮ್ಮನನ್ನು ಕರೆತಂದು ತೋರಿಸಿದೆ. ಕಣ್ಣಿಗೆ ಪೊರೆ ಬಂದಿದೆ. ಗಾಜಿಗೆ ಮೂಗು ತಾಗಿಸಿ ನೋಡುತ್ತಾಳೆ. “ಇಕಿ ನನ್ನ ಕಚ್ಚಿದ್ಳು,” ಎಂದಳು ಒಂದರ ಮುಂದೆ. “ಇಕಿ ಗಂಡಗ ಹೇಳದ ಬಂದು ಹಾಕಿಸ್ಕೊಂಡ್ಳು.” ನೋವು ಮರೆಸಲು ಆಕೆ ಹಾಡುತ್ತಿದ್ದುದು ನೆನಪಾಗಿ, ಒಂದು ಹಾಡು ಹೇಳೆಂದೆ. “ಕಾಗದಕ್ಕ ನೋವಾಗಂಗಿಲ್ಲ, ಹಾಡ್ಯಾಕ ಬೇಕು?” ಎಂದು ನಕ್ಕಳು. ಮೂವತ್ತೇಳರ ಮುಂದೆ ನಗು ನಿಂತಿತು. ಬಹಳ ಹೊತ್ತು ನೋಡಿದಳು.

“ಇದು ಅಯ್ಯಮ್ಮಂದಲ್ಲೇನು?”

“ಹೌದು.”

“ಉಳದೋರೆಲ್ಲ ಅಲ್ಲಾಡ್ಯಾರ. ಇಕ್ಯಾಕ ಸುಮ್ನದಾಳ?”

ಕರೆಮ್ಮ ಗಾಜಿನ ಮೇಲೆ ಬೆರಳಿಟ್ಟು ಮೆಲ್ಲಗೆ ಹಾಡತೊಡಗಿದಳು.

ಮಾನ್ಯರೇ, ಓದು ಬರಹ ಬಾರದ, ಅರ್ಧ ಕಣ್ಣಿನ ಮುದುಕಿಗೆ ಕಂಡದ್ದು ತಮ್ಮ ಪರಿಶೀಲನಾ ಸಮಿತಿಯ ಮೂವರಿಗೆ ಕಾಣಲಿಲ್ಲ. ಅರವತ್ತಮೂರು ಹಾಳೆಗಳಲ್ಲಿ ಹೆಣದ ತೋಳೊಂದನ್ನೇ ಆರಿಸಿ, ಉಳಿದವೂ ಹೀಗೇಕೆ ಇಲ್ಲ ಎಂದು ಕೇಳಿದ್ದೀರಿ. ಹೆಂಗಸರ ಕಲೆ ಹೀಗಿದ್ದರೆ ಮಾತ್ರ ಸರ್ಕಾರದ ಗೋಡೆಗೆ ಯೋಗ್ಯವೇ?

ಬೇಡಿಕೆ ದೊಡ್ಡದಲ್ಲ. ಆದೇಶ ಹಿಂಪಡೆಯಿರಿ. ಉಗ್ರಾಣ ಹಾಗೇ ಇರಲಿ. ಅದರ ಬೀಗ ನಾವೇ ತೆಗೆಯುತ್ತೇವೆ, ಕಸ ನಾವೇ ಗುಡಿಸುತ್ತೇವೆ. ಅದಕ್ಕೂ ಮೊದಲು ಒಂದು ದಿನ ಕುರ್ಚಿ ಬಿಟ್ಟು ಕೆಳಗಿಳಿದು, ಕಿಟಕಿಯ ಹೊರಗಡೆ ಆ ಸಾಲಿನಲ್ಲಿ ನಿಂತು, ಮುಂದೆ ಚಾಚಿರುವ ಕೈಗಳನ್ನು ನೋಡಿ. ಇದನ್ನೂ ಮಾಡಲಾಗದಿದ್ದರೆ ಮೂವತ್ತೇಳನೆಯ ಹಾಳೆಯನ್ನಾದರೂ ಕೇಳಬೇಡಿ. ಸಭಾಂಗಣದಲ್ಲಿ ಅವಳೊಬ್ಬಳೇ ಆಗುತ್ತಾಳೆ. ಮಸಿ ಹರಡಿದ, ಬೆವರಿದ, ನಗುತ್ತ ಅಲ್ಲಾಡಿದ ಆ ಅರವತ್ತೆರಡು ಜನ ಅವಳ ಜೊತೆ ಮಣ್ಣು ಹೊತ್ತವರು. ಅವರ ನಡುವೆ ಇರಲಿ.

ಇಂತಿ,
ಮನೆಯ ಕೈಗೆ ಕಡೆಯ ಪಾಳಿ ಕೊಟ್ಟ
ಅಯ್ಯಮ್ಮನ ಮಗಳು,
ಶಹಾಪುರ