ಸಿಲಿಂಡರ್ ಇಲ್ಲದ ಅಡುಗೆಮನೆ

ಆಗಸ್ಟ್ 12, ಮಧ್ಯಾಹ್ನ

ಹೋಟೆಲಿನ ಗಲ್ಲಾದಲ್ಲಿ ಕೂತೇ ಬರೆಯುತ್ತಿದ್ದೇನೆ. ಊಟವಾದ ಮೇಲೆ ಇವರಿಗೆ ನಿದ್ದೆ ಬೇಕೇ ಬೇಕು, ಠಾಣೆ ಊರಿನ ಈ ನೌಪಾಡಾ ಇಡೀ ಮುಳುಗಿದರೂ ಸರಿ. ಗಿರಾಕಿ ಕಮ್ಮಿ. ಮೂಲೆ ಟೇಬಲ್ಲಿನವನು ಚಹಾ ಕುಡಿದು ಬ್ಯಾಗ್ ಮರೆತು ಹೋಗಿದ್ದಾನೆ. ಮರೆತದ್ದನ್ನು ಜೋಪಾನವಾಗಿಟ್ಟು ಕೊಡುವುದು ಮಾವನ ಕಾಲದಿಂದ ಬಂದ ಪದ್ಧತಿ. ಕೊಡೆ, ಟಿಫಿನ್... ಒಮ್ಮೆ ಹಲ್ಲಿನ ಸೆಟ್ಟೂ! ಗಲ್ಲಾದಡಿ ಜಾಗವಿಲ್ಲ. "ಹಿಂದೆ ಇಡು ಮಾರಾಯ" ಅಂದೆ ಮುಂಡಪ್ಪನಿಗೆ. ನಮ್ಮ ಹಳೇ ಸಪ್ಲೈಯರ್, ಮನೆಯವನಂತೆ. "ಭಾರೀ ಭಾರ ಉಂಟಕ್ಕ" ಅನ್ನುತ್ತಾ ಹೋದ. ಬರುವಾಗ ನನಗೊಂದು ಕಾಫಿ ತರಲಿ —

ಆಗಸ್ಟ್ 14

ಹಿಂದಿನ ಗೋಡೆ ಇಲ್ಲ. ಮುಂಡಪ್ಪ ಆಸ್ಪತ್ರೆಯಲ್ಲಿ, ಬಲಗೈ ಹೋಯಿತು. ಮಾತಾಡುತ್ತಾನೆ, ದೇವರು ದೊಡ್ಡವನು. "ಬ್ಯಾಗೇ ಅಕ್ಕ, ಕೆಳಗಿಡುವಾಗಲೇ" ಅಂದ. ಪೊಲೀಸರಿಗೂ ಅದನ್ನೇ ಹೇಳಿದನಂತೆ.

ಟಿ.ವಿ.ಯಲ್ಲಿ: ಹೋಟೆಲಿನಲ್ಲಿ ಸಿಲಿಂಡರ್ ಸ್ಫೋಟ.

ನಮ್ಮಲ್ಲಿ ಸಿಲಿಂಡರ್ ಎಲ್ಲಿದೆ? ಪೈಪ್ ಗ್ಯಾಸ್ ಬಂದು ಎಷ್ಟು ಕಾಲವಾಯಿತು!

ಆಗಸ್ಟ್ 16

ನಿನ್ನೆ ನಮ್ಮ ಬಿಲ್ಡಿಂಗಿನ ಸೊಸೈಟಿಯಲ್ಲಿ ಧ್ವಜ, ಜಿಲೇಬಿ. ಎಲ್ಲರದೂ ಒಂದೇ ಪ್ರಶ್ನೆ — ಸಿಲಿಂಡರ್ ಚೆಕ್ ಮಾಡಿಸಬಾರದಿತ್ತಾ? ಮೈ ಉರಿಯಿತು.

ಇವತ್ತು ಇಬ್ಬರು ಬಂದರು, ಸಾದಾ ಬಟ್ಟೆಯ ಪೊಲೀಸರಂತೆ. ಪೈಪ್ ತೋರಿಸಿದೆ. ದೊಡ್ಡವನು ನಕ್ಕ. "ಭಾಭೀಜಿ, ಸಿಲಿಂಡರ್ ಹೀ ಥಾ. ಪಬ್ಲಿಕ್ ಕೋ ಡರಾನಾ ಹೈ ಕ್ಯಾ?" ಸಿಲಿಂಡರೇ ಅಂತೆ, ಜನರನ್ನು ಹೆದರಿಸಬೇಕಾ ಅಂತೆ.

ಸಿಲಿಂಡರೇ ಎಂದು ಬರೆದ ಕಾಗದಕ್ಕೆ ಇವರು ಸಹಿ ಹಾಕಿದರು. ಹೋಟೆಲ್ ಓಪನ್ ಆಗಬೇಕಲ್ಲ ಅಂತೆ. ಆ ಚಹಾ ಕುಡಿದವನು ಇನ್ನೂ ಎಲ್ಲೋ ಓಡಾಡುತ್ತಿದ್ದಾನೆ. ದಿವಾ ಲೋಕಲ್ ಟ್ರೇನಿನಲ್ಲೋ, ಕಲ್ಯಾಣ ಸ್ಟೇಷನ್ನಿನಲ್ಲೋ. ಜನರಿಗೆ ಗೊತ್ತೇ ಇಲ್ಲ. ನನಗೆ ಹೆದರಿಕೆಯಾಗುತ್ತಿದೆ.

ಆಗಸ್ಟ್ 19

ಗಂಜಿ ತೆಗೆದುಕೊಂಡು ಹೋದೆ. ಮುಂಡಪ್ಪನ ಬೆಡ್ಡಿನಲ್ಲಿ ಬೇರೆ ಯಾರೋ. ನರ್ಸ್: ಶಿಫ್ಟ್ ಮಾಡಿದ್ದಾರೆ. ಎಲ್ಲಿಗೆ? ಗೊತ್ತಿಲ್ಲ. ಯಾರು? ಮುಖ ತಿರುಗಿಸಿದಳು. ಪೊಲೀಸ್ ಚೌಕಿಯಲ್ಲಿ ಕೇಳಿದರೆ, ಯಾವ ಮುಂಡಪ್ಪ?

ಆಗಸ್ಟ್ 23

ಇವತ್ತು ಫೋನ್ ಬಂತು. ಕಾರ್ಕಳದಿಂದ ಅವನ ಹೆಂಡತಿ ಸುಂದರಿ. "ಅಕ್ಕಾ, ಇವರು ಎಲ್ಲಿದ್ದಾರೆ? ಫೋನೇ ತೆಗೆಯುವುದಿಲ್ಲ." ನೆಟ್‌ವರ್ಕ್ ಸರಿಯಿಲ್ಲ ಅಂದೆ. ನಾಚಿಕೆಯಾಯಿತು.

ಆಗಸ್ಟ್ 26

ಸಾದಾ ಬಟ್ಟೆಯವನು ಮತ್ತೆ. ಗಾಯಾಳು ಯಾರೂ ಇಲ್ಲವಂತೆ ಈಗ. ಮುಂಡಪ್ಪ ಜುಲೈಯಲ್ಲೇ ಕೆಲಸ ಬಿಟ್ಟನಂತೆ. ಹಾಗೇ ಹೇಳಬೇಕಂತೆ, ಯಾರು ಕೇಳಿದರೂ. ಹೊರಡುವಾಗ ನಮ್ಮ ನಿಕಿತಾ ಯಾವ ಕಾಲೇಜು ಎಂದು ಕೇಳಿದ. ನಾನು ಹೇಳುವ ಮೊದಲು ಅವನೇ ಹೇಳಿದ.

ಇವರು ಕೈಮುಗಿದರು. ನನಗೆ. "ಜಯಾ, ಮಗಳಿದ್ದಾಳೆ ಮಾರಾಯ್ತಿ."

ಆಗಸ್ಟ್ 28, ಬೆಳಿಗ್ಗೆ

ಸುಂದರಿ ಬಂದೇ ಬಿಟ್ಟಿದ್ದಾಳೆ. ಠಾಣೆ ರೈಲ್ವೆ ಸ್ಟೇಷನ್ನಿನಿಂದ ನೇರ. ಗಂಡನಿಗೆಂದು ಕುಚ್ಚಲಕ್ಕಿ, ಒಣಮೀನು ಕಟ್ಟಿಕೊಂಡು. ಹಾಲ್‌ನಲ್ಲಿ ಕೂತಿದ್ದಾಳೆ, ಚಹಾ ಮುಟ್ಟಿಲ್ಲ. ಇವರು ಶುರು ಮಾಡಿದ್ದಾರೆ — ಜುಲೈಯಲ್ಲೇ ಬಿಟ್ಟನಮ್ಮ, ಎಲ್ಲಿಗೆ ಹೋದನೋ...

ಅವಳು ನಂಬುತ್ತಿಲ್ಲ. ನನ್ನನ್ನೇ ಕರೆಯುತ್ತಿದ್ದಾಳೆ. "ಅಕ್ಕಾ, ನೀವು ಹೇಳಿ. ನೀವು ಸುಳ್ಳು ಹೇಳುವವರಲ್ಲ."

ಹೋಗಬೇಕು. ಹೋಗಿ ನಾನು ಅವಳಿಗೆ —